ವಕೀಲರಾಗಿದ್ದು ನಟರಾದ ಬಳ್ಳಾರಿಯ ರಾಘವಾಚಾರ್ಯರು

ಶಾಲೆಯ ವಾರ್ಷಿಕೋತ್ಸವದಲ್ಲಿ ಬಾಲಕಿಯರ ಪದ್ಯವಾಚನವನ್ನೂ ಸಂವಾದಗಳನ್ನೂ ಕೇಳಿ ಸಂತೋಷಿಸಿದ ತಂದೆತಾಯಿಗಳು, "ಇದರಿಂದ ಓದಿಗೆ ಪ್ರಯೋಜನವೇನಮ್ಮ?" ಎಂದು ನನ್ನನ್ನು ಕೇಳುವುದುಂಟು. ಹೆಣ್ಣುಮಕ್ಕಳು ವೇದಿಕೆ ಹತ್ತುವುದು ಉಚಿತವೇ ಎಂದು ಶಂಕಿಸುವವರೂ ಉಂಟು. ಅವರಿಗೆ ಉತ್ತರವಾಗಿ ಒಬ್ಬ ವಕೀಲರ ಜೀವನವೃತ್ತಾಂತವನ್ನು ಸಂಕ್ಷೇಪವಾಗಿ ತಿಳಿಸುವೆನು.

ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಬ್ರಾಂಡ್ರಂ ಎಂಬ ವಕೀಲರು 1876ರಲ್ಲಿ ವಕೀಲಿಯನ್ನು ಬಿಟ್ಟು, ಶೇಕ್ಸ್‌ಪಿಯರನ ನಾಟಕಗಳನ್ನು ಬಾಯಿಪಾಠವಾಗಿ ವಾಚಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡರು. ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪವಾದ ದೃಷ್ಟಾಂತವು ಬಳ್ಳಾರಿಯ ರಾಘವಾಚಾರ್ಯರದು. ಆದರೆ ಇವರು ವಕೀಲಿಯನ್ನು ಬಿಡಲಿಲ್ಲ. ಅದರಿಂದ ಜೀವನ ನಡೆಸಿ, ನಾಟಕವನ್ನು ಹೊಟ್ಟೆಪಾಡಿಗಾಗಿ ಅಲ್ಲದೆ ಕಲೆಗಾಗಿ ಸೇವಿಸಿದರು.

1880ರಲ್ಲಿ ತಾಡಿಪತ್ರಿಯಲ್ಲಿ ಜನಿಸಿದ ಇವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, ಬಳಿಕ ನ್ಯಾಯಶಾಸ್ತ್ರವನ್ನು ಕಲಿತು ಬಳ್ಳಾರಿಯಲ್ಲಿ ವಕೀಲರಾದರು. ಮುಂದೆ ಸರ್ಕಾರಿ ವಕೀಲರೂ ಆದರು. ಸೋದರಮಾವಂದಿರಾದ ಧರ್ಮಾವರಂ ರಾಮಕೃಷ್ಣಮಾಚಾರ್ಯರು ವಕೀಲರೂ ನಾಟಕಕರ್ತರೂ ಆಗಿದ್ದುದರಿಂದ ಅಭಿನಯದ ರುಚಿ ಬಾಲ್ಯದಲ್ಲಿಯೇ ಹತ್ತಿತು. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಅಭಿನಯಿಸಿದರು.

ಆ ಕಾಲದ ನಟರು ಪದ್ಯಗಳನ್ನು ರಾಗವಾಗಿ ಎಳೆದೆಳೆದು ಹಾಡುತ್ತಿದ್ದರು. ರಾಗವು ಬೆಳೆದಂತೆ ಅರ್ಥವು ಮರೆಯಾಗುತ್ತಿತ್ತು. ಮಾತು ಸಹಜವಾಗಿರಬೇಕು, ಭಾವವು ಅರ್ಥದಿಂದ ಹುಟ್ಟಬೇಕು ಎಂಬುದು ರಾಘವಾಚಾರ್ಯರ ಮತ. ವಾಚನದ ಗುಟ್ಟೂ ಇದೇ. ಅರ್ಥವನ್ನು ತಿಳಿದವಳಿಗೆ ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಒತ್ತಬೇಕು ಎಂಬುದು ತಾನಾಗಿ ತಿಳಿಯುವುದು. ತಿಳಿಯದವಳು ಎಷ್ಟು ಕೂಗಿದರೂ ವ್ಯರ್ಥವೇ ಸರಿ.

ಗಂಡಸರೇ ಹೆಣ್ಣುವೇಷ ಧರಿಸುತ್ತಿದ್ದ ಆ ದಿನಗಳಲ್ಲಿ, ಸ್ತ್ರೀಪಾತ್ರಗಳನ್ನು ಸ್ತ್ರೀಯರೇ, ಅದರಲ್ಲಿಯೂ ವಿದ್ಯಾವತಿಯರು, ವಹಿಸಬೇಕೆಂದು ಇವರು ವಾದಿಸಿದರು. ಲೋಕನಿಂದೆಗೆ ಅಂಜದೆ ಕೆಲವರು ಮುಂದೆ ಬಂದರು. ನಮ್ಮ ಸಿ.ಎಸ್. ಪುರಕ್ಕೆ ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಲ್ಲಿಯೂ ವೀರಣ್ಣನವರ ಕಾಲದಲ್ಲಿ ಸ್ತ್ರೀಯರು ರಂಗವನ್ನೇರಿ ಕೀರ್ತಿಗಳಿಸಿದರು.

1928ರಲ್ಲಿ ರಾಘವಾಚಾರ್ಯರು ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಬಂದರು, 1946ರಲ್ಲಿ ತೀರಿಕೊಂಡರು. ಬಳ್ಳಾರಿಯ ರಾಘವ ಕಲಾಮಂದಿರವು ಅವರ ಹೆಸರನ್ನು ಉಳಿಸಿದೆ.

ತಂದೆತಾಯಿಗಳೇ, ನಿಮ್ಮ ಮಗಳು ನಟಿಯಾಗಬೇಕೆಂದು ನಾವು ವೇದಿಕೆ ಹತ್ತಿಸುವುದಿಲ್ಲ. ನಾಲ್ಕು ಜನರೆದುರು ಅರ್ಥವರಿತು ಮಾತನಾಡಬಲ್ಲವಳು, ನಾಳೆ ತನ್ನ ನ್ಯಾಯವನ್ನು ತಾನೇ ಹೇಳಿಕೊಳ್ಳಬಲ್ಲಳು. ಹಳೆಯ ವಿದ್ಯಾರ್ಥಿನಿಯರೇ, ಇದರ ಸತ್ಯವನ್ನು ನೀವು ನಿಮ್ಮ ಸಂಸಾರಗಳಲ್ಲಿಯೂ ಉದ್ಯೋಗಗಳಲ್ಲಿಯೂ ಕಂಡಿರುವಿರಿ. ನಿಮ್ಮ ಹೆಣ್ಣುಮಕ್ಕಳಿಗೆ ನೀವೇ ಹೇಳಿರಿ.