ಅರ್ಧ ಗಂಟೆಯ ಊಟ

ಭಾನುವಾರದ ಬೆಳಗ್ಗೆ ಬೆಂಗಳೂರಿನ ವಿದ್ಯಾರ್ಥಿ ಭವನದ ಮುಂದೆ ದೋಸೆಗಾಗಿ ಕಾದು ನಿಂತು, ಆ ಕಾಯುವಿಕೆಯನ್ನೇ ಒಂದು ಸುಖವೆಂದು ಬಗೆದು, ಕಾಫಿಯಾದ ಮೇಲೆ ಗಾಂಧಿ ಬಜಾರಿನ ಹೂವಿನ ರಾಶಿಗಳ ನಡುವೆ ಸಾವಕಾಶವಾಗಿ ಹೆಜ್ಜೆಯಿಡುತ್ತ, ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರಿನ ವಾಚನಾಲಯವನ್ನು ಹೊಕ್ಕು ಪತ್ರಿಕೆ ತಿರುವುವ ನಮ್ಮಂಥವರಲ್ಲಿ, ಆ ರಸ್ತೆಯ ಹೆಸರಿನ ಹಿಂದೆ ಊಟದ ಬಿಡುವಿನದೊಂದು ವ್ಯಾಜ್ಯವಿದೆಯೆಂಬುದನ್ನು ಬಲ್ಲವರು ವಿರಳ.

1881ರಲ್ಲಿ ಮುಂಬಯಿಯ ಪಾರಸಿ ಮನೆತನದಲ್ಲಿ ಜನಿಸಿದ ವಾಡಿಯಾ, ಥಿಯಾಸಫಿಯ ಸೆಳೆತದಿಂದ ಮದರಾಸಿಗೆ ಬಂದವರು. ಜನಾಂಗ, ಜಾತಿ, ವರ್ಣಗಳ ಭೇದವೆಣಿಸದ ವಿಶ್ವಭ್ರಾತೃತ್ವವು ಥಿಯಾಸಫಿ ಸಂಘದ ಪ್ರಥಮೋದ್ದೇಶ. ವೇದಿಕೆಯ ಮೇಲೆ ಆಡಲು ಸುಲಭವಾದ ಮಾತು. ಆದರೆ 1918ರಲ್ಲಿ ಸೆಲ್ವಪತಿ ಚೆಟ್ಟಿಯಾರ್, ರಾಮಾನುಜುಲು ನಾಯ್ಡು ಎಂಬ ಇಬ್ಬರು ವರ್ತಕರು ಪೆರಂಬೂರಿನ ಗಿರಣಿ ಕೂಲಿಗಾರರ ಪರವಾಗಿ ಅವರಲ್ಲಿಗೆ ತಂದ ದೂರು ಹೊಟ್ಟೆಗೆ ಸಂಬಂಧಿಸಿದ್ದು. ನಡುಹಗಲಿನ ಬಿಡುವು 30 ನಿಮಿಷ. ಅಷ್ಟರೊಳಗೆ ಯಂತ್ರವನ್ನು ಬಿಟ್ಟೇಳಬೇಕು, ಹತ್ತಿಯ ಧೂಳು ಹಿಡಿದ ಕೈ ತೊಳೆಯಬೇಕು, ಬುತ್ತಿ ಬಿಚ್ಚಬೇಕು, ಉಣ್ಣಬೇಕು, ಮತ್ತೆ ಓಡಬೇಕು. ಬಟ್ಟೆಗಿರಣಿಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಲು 1911ರ ಕಾಯಿದೆ ಅನುಮತಿಯಿತ್ತಿದ್ದ ಕಾಲವದು. ಗಿರಣಿಯನ್ನು ನಡೆಸುತ್ತಿದ್ದುದು, ನಮ್ಮ ಬಿನ್ನಿಪೇಟೆಗೆ ಹೆಸರಾದ ಬಿನ್ನಿ ಕಂಪನಿಯೇ.

ಕೂಲಿಯ ಮಾತು ಲೆಕ್ಕದ ಪುಸ್ತಕಕ್ಕೆ ಸೇರಿದ್ದು. ಅಗಿದು ನುಂಗಲು ಹೊತ್ತು ಸಾಲದೆಂಬುದು ಶರೀರವೇ ನುಡಿವ ಸಾಕ್ಷ್ಯ. ಬಿಳಿಯ ಮೇಲ್ವಿಚಾರಕರ ಬೈಗುಳವನ್ನೂ ಏಟನ್ನೂ ಸಹಿಸಿಕೊಂಡು ಬಂದವರು, ಕರಿಯ ಮೈಯೂ ದಣಿಯುತ್ತದೆ, ಅದಕ್ಕೂ ಅನ್ನ ಇಳಿಯಲು ವೇಳೆ ಬೇಕು ಎಂದು ಒಡೆಯರ ಕಿವಿಗೆ ಹಾಕಿದ್ದು, ನನ್ನ ದೃಷ್ಟಿಯಲ್ಲಿ, ವರ್ಣದರ್ಪಕ್ಕೆ ಕೊಟ್ಟ ಅತ್ಯಂತ ನೇರವಾದ ಉತ್ತರ. ಏಪ್ರಿಲ್ 27ರಂದು ಮದರಾಸ್ ಲೇಬರ್ ಯೂನಿಯನ್ ಹುಟ್ಟಿತು. ಬಿಡುವು 40 ನಿಮಿಷಕ್ಕೇರಿತು. ಹತ್ತೇ ನಿಮಿಷವೆಂದು ನಗುವವರು ಒಮ್ಮೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಉಂಡು ನೋಡಬೇಕು.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. 1921ರ ಮುಷ್ಕರದಲ್ಲಿ ಆದಿದ್ರಾವಿಡ ಕೆಲಸಗಾರರೂ ಉಳಿದವರೂ ಬೇರೆಯಾಗಿ, ಪುಳಿಯಂತೋಪಿನಲ್ಲಿ ಮನೆಗಳಿಗೆ ಬೆಂಕಿ ಬಿತ್ತು. ಒಡೆಯನ ವರ್ಣಭೇದವನ್ನು ಗುರುತಿಸಿದ ಮೈಗಳು ಪಕ್ಕದವನ ಮೈಯ ಮೇಲೆ ತಾವೇ ಹೇರಿದ್ದ ಮೈಲಿಗೆಯನ್ನು ಗುರುತಿಸಲಿಲ್ಲ. ಹೀಗಿದ್ದರೂ, ಅಮೆರಿಕದ ಅಟ್ಲಾಂಟದಲ್ಲಿ ಟ್ರಿಷಿಯಾ ಹರ್ಸಿ ಎಂಬ ಕಪ್ಪು ಮಹಿಳೆ 2016ರಿಂದ, ಗುಲಾಮರಾಗಿ ದುಡಿದ ಪೂರ್ವಿಕರಿಗೆ ದಕ್ಕದ ನಿದ್ರೆಯನ್ನು ಅವರ ಸಂತತಿಯಾದರೂ ಮಲಗಿ ಪಡೆಯಲೆಂದು ಸಾಮೂಹಿಕ ನಿದ್ರೆಯ ಕೂಟಗಳನ್ನೇ ನಡೆಸುತ್ತಿರುವುದನ್ನು ಓದಿದಾಗ, ನನಗೆ ಪೆರಂಬೂರಿನ ಆ ಬುತ್ತಿಯೇ ನೆನಪಾಯಿತು.

ವಾಡಿಯಾ 1945ರಲ್ಲಿ ಬಸವನಗುಡಿಯಲ್ಲಿ ಆ ವರ್ಲ್ಡ್ ಕಲ್ಚರ್ ಸಂಸ್ಥೆಯನ್ನು ಕಟ್ಟಿ, 1958ರಲ್ಲಿ ಈ ಊರಿನಲ್ಲೇ ತೀರಿಕೊಂಡರು. ಅವರ ರಸ್ತೆಯಿಂದ ಬಜಾರಿನ ಕಡೆಗೆ ಬೆಳಗಿನ ಜಾವ ಬಂದರೆ, ಹಿಂದಿನ ಇರುಳಿನ ಬಾಳೆಲೆ, ಬಾಡಿದ ಸೇವಂತಿಗೆಗಳನ್ನು ಗುಡಿಸಿ ಒಟ್ಟಿದ ಪೌರಕಾರ್ಮಿಕ ಹೆಂಗಸೊಬ್ಬಳು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಪೊರಕೆಯನ್ನು ಪಕ್ಕಕ್ಕೊರಗಿಸಿ ಡಬ್ಬಿ ಬಿಚ್ಚುವುದನ್ನೂ, ಷಟರು ಏಳುವ ಸದ್ದಾದೊಡನೆ ಅರ್ಧದಲ್ಲೇ ಮುಚ್ಚಿ ಎದ್ದುಬಿಡುವುದನ್ನೂ ಕಾಣಬಹುದು. ಆಕೆಯನ್ನು ಯಾರೂ ಗದರಿಸುವುದಿಲ್ಲ. ಏಳಬೇಕೆಂದು ಮೈಗೇ ಗೊತ್ತು.

ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆ, ಐದು ಗಂಟೆಯ ದುಡಿಮೆಯೊಳಗೆ ಕೊಡಲೇಬೇಕಾದ ಕನಿಷ್ಠ ಬಿಡುವನ್ನು ಅರ್ಧ ಗಂಟೆಯೆಂದು ಗೊತ್ತುಮಾಡಿತು. ಪೆರಂಬೂರಿನವರಿಗೆ ಸಾಲದೆ ಹೋದ ಅದೇ 30 ನಿಮಿಷ.