ಮನೆಗೆ ಎಷ್ಟು ಹಂಡೆ ಬಿಸಿನೀರು?

ಬೆಂಗಳೂರಿನ ಚಳಿಯ ಮಾತೆತ್ತಿದರೆ ದೆಹಲಿಯ ಕಡೆಯವರು ನಗುತ್ತಾರೆ. ನಗುವುದಕ್ಕೆ ಕಾರಣವೂ ಉಂಟು. 1884ರ ಜನವರಿ 13ರಂದು ಇಲ್ಲಿಯ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದುದೇ ಇಂದಿಗೂ ದಾಖಲೆ. ಸಾಮಾನ್ಯ ಜನವರಿಯ ಮುಂಜಾವಿನಲ್ಲಿ ಅದು 15-16 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಕೋಣೆಯನ್ನು ಕಾಯಿಸುವ ಪ್ರಮೇಯ ಈ ಊರಿಗೆ ಬಂದಿಲ್ಲ. ಶಾಲೊಂದನ್ನು ಹೊದ್ದರೆ ಸಾಕು. ಆದರೆ ಸ್ನಾನದ ನೀರಿನ ವಿಷಯದಲ್ಲಿ ಬಸವನಗುಡಿಯ ಗೃಹಸ್ಥ ರಾಜಿಯಾಗುವವನಲ್ಲ. ಧನುರ್ಮಾಸದಲ್ಲಿ ಕತ್ತಲಿರುವಾಗಲೇ ದೇವಸ್ಥಾನಕ್ಕೆ ಹೊರಡುವ ಮನೆಗಳಲ್ಲಿ ದಿನದ ಮೊದಲ ಚಿಂತೆಯೇ ಬಿಸಿನೀರು.

ಹಿಂದೆ ಈ ಚಿಂತೆಯನ್ನು ಹೊತ್ತಿದ್ದುದು ಹಂಡೆ. 1892ರಲ್ಲಿ ತಲೆಯೆತ್ತಿದ ಚಾಮರಾಜಪೇಟೆ, 1898ರ ಪ್ಲೇಗಿನ ಬಳಿಕ ಬೆಳೆದ ಮಲ್ಲೇಶ್ವರ ಮತ್ತು ಬಸವನಗುಡಿ, ಈ ಬಡಾವಣೆಗಳ ಹಳೆಯ ಮನೆಗಳಲ್ಲಿ ಬಚ್ಚಲುಮನೆ ಹಿತ್ತಿಲ ಕಡೆಗೆ ಇರುತ್ತಿತ್ತು. ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಆರೇಳು ಕೊಡ ಹಿಡಿಯುವ ತಾಮ್ರದ ಹಂಡೆ. ಸೌದೆ, ತೆಂಗಿನ ಗರಿ, ಕರಟ, ಮರದ ಹೊಟ್ಟು, ಉರಿಯುವುದೆಲ್ಲವೂ ಅದಕ್ಕೆ ಆಹಾರ. ಸ್ನಾನ ಮುಗಿಸಿದವರು ಹಂಡೆಗೆ ಒಂದು ಕೊಡ ತಣ್ಣೀರು ಸುರಿದು, ಒಲೆಯೊಳಕ್ಕೆ ಸೌದೆಯನ್ನು ನೂಕಿ ಬರಬೇಕೆಂಬುದು ಅಜ್ಜಿಯ ಶಾಸನ. ಬಿಸಿನೀರಿನ ಇಡೀ ಶಾಸ್ತ್ರವೇ ಆ ಶಾಸನದಲ್ಲಿ ಅಡಗಿತ್ತೆಂದರೆ ತಪ್ಪಾಗದು. ಹಂಡೆ ಎಷ್ಟು ದೊಡ್ಡದೆಂಬುದು ಒಂದು ಲೆಕ್ಕ. ಉರಿ ಎಷ್ಟು ಜೋರೆಂಬುದು ಇನ್ನೊಂದು ಲೆಕ್ಕ. ಎರಡೂ ಕೂಡಿದರೆ ಮಾತ್ರ ಕೊನೆಯವರಿಗೂ ಬಿಸಿನೀರು.

ಒಲೆ ಹೋಯಿತು, ಹೊಗೆಯೂ ಹೋಯಿತು. ಗೋಡೆಗೆ ವಿದ್ಯುತ್ ಗೀಸರು ಬಂದಿತು. ತಾರಸಿಗೆ ಸೌರ ಹೀಟರು ಏರಿತು. 2007ರಲ್ಲಿ ಸರ್ಕಾರ ಹೊಸ ಮನೆಗಳಿಗೆ ಸೌರ ಹೀಟರನ್ನು ಕಡ್ಡಾಯಗೊಳಿಸಿದ ಮೇಲಂತೂ ನಗರದ ತಾರಸಿಗಳೆಲ್ಲ ಗಾಜಿನ ಹಲಗೆಗಳಿಂದ ತುಂಬಿದವು. ಬಿಸಿಲಿರುವ ತಾರಸಿಗೆ ಅದಕ್ಕಿಂತ ಮಿಗಿಲಾದುದಿಲ್ಲ. ಆದರೆ ಆಷಾಢ ಶ್ರಾವಣಗಳ ಮೋಡಕ್ಕೆ ಅದು ಸೋಲುತ್ತದೆ. ಮಲ್ಲೇಶ್ವರದ ಹೆಮ್ಮರಗಳ ನೆರಳಿನಲ್ಲಿಯೂ, ಪಕ್ಕದಲ್ಲಿ ಎದ್ದ ನಾಲ್ಕಂತಸ್ತಿನ ಕಟ್ಟಡದ ಮರೆಯಲ್ಲಿಯೂ ವರ್ಷವಿಡೀ ಸೋಲುತ್ತದೆ. ಅಂಥ ಮನೆಗಳವರು ಈಗ ಹೀಟ್ ಪಂಪಿನ ಕಡೆಗೆ ನೋಡತೊಡಗಿದ್ದಾರೆ.

ಹೆಸರು ಹೊಸದಾಗಿ ಕೇಳಿಸಿದರೂ ತತ್ತ್ವ ಹಳೆಯದು. 1852ರಲ್ಲಿಯೇ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವರು, ಅದನ್ನು ವಿವರಿಸಿದ್ದರು. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನವನ್ನು ಪಕ್ಕದ ಹೊಳೆಯ ನೀರಿನಲ್ಲಿದ್ದ ಶಾಖದಿಂದಲೇ ಬೆಚ್ಚಗಿಟ್ಟರು. ಬಾವಿಯ ಪಂಪು ನೀರನ್ನು ಸೃಷ್ಟಿಸುವುದಿಲ್ಲ. ತಗ್ಗಿನಲ್ಲಿದ್ದುದನ್ನು ಎತ್ತರಕ್ಕೆ ತರುತ್ತದೆ. ಶಾಖದ ಪಂಪಿನ ಕೆಲಸವೂ ಅದೇ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ತೊಟ್ಟಿಯ ನೀರಿಗೆ ಸಾಗಿಸುತ್ತದೆ. ಅಡಿಗೆಮನೆಯ ಫ್ರಿಜ್ಜಿನ ಹಿಂಬದಿ ಬೆಚ್ಚಗಿರುವುದು ಇದೇ ವಿದ್ಯೆಯಿಂದ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ದೊರೆಯುತ್ತದೆ. ಹಿಮ ಬೀಳುವ ದೇಶಗಳಲ್ಲಿ, ಗಾಳಿ ತಣ್ಣಗಾದಷ್ಟೂ, ಈ ಲಾಭ ಕುಗ್ಗುತ್ತದೆ. ಬೆಂಗಳೂರಿಗೆ ಆ ತೊಂದರೆ ಇಲ್ಲ. ಅದರಲ್ಲಿಯೂ ಯಂತ್ರವನ್ನು ನಡುಹಗಲಿನ ಬೆಚ್ಚನೆಯ ಗಾಳಿಯಲ್ಲಿ ಓಡಿಸಿ ನೀರನ್ನು ಮರುದಿನಕ್ಕೆ ಕೂಡಿಟ್ಟರೆ ಖರ್ಚು ಇನ್ನಷ್ಟು ಇಳಿಯುತ್ತದೆ.

ಇನ್ನು ಅಳತೆಯ ಪ್ರಶ್ನೆ. ಅಂಗಡಿಯಲ್ಲಿ ಮೊದಲು ಕೇಳುವುದು ಮನೆಯಲ್ಲಿ ಬಚ್ಚಲು ಎಷ್ಟು ಎಂದು. ಸ್ನಾನ ಮಾಡುವುದು ಬಚ್ಚಲಲ್ಲ, ಮನುಷ್ಯರು. ಆದ್ದರಿಂದ ಮೂರು ದಿನ ಮನೆಯವರ ಬಕೆಟುಗಳನ್ನು ಎಣಿಸುವುದೇ ಸರಿಯಾದ ಆರಂಭ. ಬಕೆಟಿಗೆ 18 ಲೀಟರು ಎಂದಿಟ್ಟುಕೊಂಡರೆ ಒಬ್ಬರಿಗೆ ಎರಡು ಬಕೆಟು, ಅಂದರೆ 36 ಲೀಟರು. ಸ್ನಾನದ ಹದ 40 ಡಿಗ್ರಿ. ತೊಟ್ಟಿಯ 60 ಡಿಗ್ರಿಯ ನೀರಿಗೆ ನಲ್ಲಿಯ 20 ಡಿಗ್ರಿಯ ನೀರನ್ನು ಸಮಸಮನಾಗಿ ಬೆರೆಸಿದರೆ ಆ ಹದ ಬರುತ್ತದೆ. ಹಾಗಾಗಿ ಒಬ್ಬರಿಗೆ ಬೇಕಾದ ಸುಡುನೀರು 18 ಲೀಟರು; ಆರು ಮಂದಿಗೆ 108. ಅಡಿಗೆಮನೆಗೆ 12 ಸೇರಿದರೆ 120. ತೊಟ್ಟಿಯಿಂದ ಬಿಸಿನೀರು ಹೋದಂತೆ ಕೆಳಗಿನಿಂದ ತಣ್ಣೀರು ನುಗ್ಗುವುದರಿಂದ ಐದರಲ್ಲಿ ನಾಲ್ಕು ಪಾಲನ್ನು ಮಾತ್ರ ನಂಬಬಹುದು. ಆರು ಮಂದಿಯ ಮನೆಗೆ 150 ಲೀಟರಿನ ತೊಟ್ಟಿ ಎಂಬ ಲೆಕ್ಕ ಬರುವುದು ಹೀಗೆ. ಷವರಿನ ಕೆಳಗೆ ಹತ್ತು ನಿಮಿಷ ಹಾಡುತ್ತ ನಿಲ್ಲುವ ಕಾಲೇಜು ಹುಡುಗನಿದ್ದರೆ ಲೆಕ್ಕ ಬೇರೆ. ಅವನೊಬ್ಬ ಐದು ಬಕೆಟಿಗೆ ಸಮ.

ತೊಟ್ಟಿಯ ಬಳಿಕ ಉರಿ. 150 ಲೀಟರನ್ನು 20ರಿಂದ 60 ಡಿಗ್ರಿಗೆ ಏರಿಸಲು ಸುಮಾರು 7 ಯೂನಿಟ್ ಶಾಖ ಬೇಕು. ಗೀಸರಾದರೆ 7 ಯೂನಿಟ್ ವಿದ್ಯುತ್ತನ್ನೇ ಸುಡಬೇಕು. ಹೀಟ್ ಪಂಪಿಗೆ ಎರಡೂಕಾಲು, ಎರಡೂವರೆ ಸಾಕು. ಗಂಟೆಗೆ 2 ಯೂನಿಟ್ ಶಾಖ ಕೊಡುವ ಯಂತ್ರ ಈ ಕೆಲಸಕ್ಕೆ ಮೂರೂವರೆ ಗಂಟೆ ತೆಗೆದುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಯಂತ್ರ ಆರು ಮಂದಿಯ ಮನೆಗೆ ಬೇಡ. ಸಣ್ಣ ತೊಟ್ಟಿಗೆ ದೊಡ್ಡ ಯಂತ್ರ ಕಟ್ಟಿದರೆ ಅದು ಹೊತ್ತಿಕೊಂಡು ಆರುವುದರಲ್ಲಿಯೇ ಸವೆಯುತ್ತದೆ. ಜನರಿಲ್ಲದ ಮನೆಗೆ ದೊಡ್ಡ ತೊಟ್ಟಿ ತಂದರೆ, ಕಾದ ನೀರು ಯಾರಿಗೂ ಉಪಯೋಗವಾಗದೆ ತಣಿಯುತ್ತ ಕೂರುತ್ತದೆ.

ಈ ಮಾತು ಹಳೆಯ ಬಡಾವಣೆಗಳಿಗೆ ವಿಶೇಷವಾಗಿ ಸಲ್ಲುತ್ತದೆ. ಮಕ್ಕಳು ಅಮೆರಿಕದಲ್ಲಿ ನೆಲೆಸಿ, ಐದು ಕೋಣೆಗಳ ಮನೆಯಲ್ಲಿ ವೃದ್ಧ ದಂಪತಿಗಳು ಇಬ್ಬರೇ ಉಳಿದಿರುವುದು ಇಲ್ಲಿ ಅಪರೂಪವಲ್ಲ. ಇಬ್ಬರಿಗೆ ಬೇಕಾದ ಸುಡುನೀರು 36 ಲೀಟರು. ಹೀಟ್ ಪಂಪಿನಿಂದಾಗುವ ಉಳಿತಾಯ ದಿನಕ್ಕೆ ಒಂದು ಯೂನಿಟ್ಟಿನ ಸುಮಾರು. ಗೀಸರಿನ ಹಲವು ಪಟ್ಟು ಬೆಲೆಯ ಯಂತ್ರಕ್ಕೆ ಅಂಥ ಮನೆಯಲ್ಲಿ ಅರ್ಥವಿಲ್ಲ. 25 ಲೀಟರಿನ ಒಳ್ಳೆಯ ಗೀಸರು ಅವರಿಗೆ ಧಾರಾಳವಾಯಿತು.

ಕಡಿಮೆ ಅಳತೆಯ ಅಪಾಯ ಇದಕ್ಕಿಂತ ಘೋರವಾದುದು. ಬಿಸಿನೀರು ಸಾಲದ ಮನೆಯಲ್ಲಿ ಕೊನೆಗೆ ಸ್ನಾನಕ್ಕೆ ಹೋಗುವವರು ಬಕೆಟಿಗೆ ವಿದ್ಯುತ್ ಕಡ್ಡಿಯನ್ನು ಇಳಿಬಿಡುತ್ತಾರೆ. ಅವಸರದಲ್ಲಿ ಸ್ವಿಚ್ಚು ಆರಿಸದೆ ನೀರಿಗೆ ಕೈಯಿಕ್ಕಿ ಪ್ರಾಣ ಕಳೆದುಕೊಂಡವರಿದ್ದಾರೆ. ಇನ್ನು ಕೆಲವರು ಕಿಟಕಿಯಿಲ್ಲದ ಬಚ್ಚಲಿನೊಳಗೇ ಗ್ಯಾಸ್ ಗೀಸರು ಕೂರಿಸುತ್ತಾರೆ. ಮುಚ್ಚಿದ ಬಾಗಿಲಿನ ಹಿಂದೆ ಉರಿಗೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲಿಯೇ ಕುಸಿದ ಪ್ರಸಂಗಗಳು ಈ ನಗರದಲ್ಲಿಯೇ ಮತ್ತೆ ಮತ್ತೆ ನಡೆದಿವೆ. ಅಂಥ ಗೀಸರು ಇದ್ದೇ ಇದ್ದರೆ ಅದನ್ನು ಬಚ್ಚಲಿನ ಹೊರಗೆ, ಬಯಲು ಗಾಳಿಗೆ ಸಾಗಿಸುವ ಕೆಲಸ ಇಂದೇ ಆಗಬೇಕು.

ಹೀಟ್ ಪಂಪಿಗೂ ಬಯಲು ಗಾಳಿಯೇ ಬೇಕು, ಬೇರೆ ಕಾರಣಕ್ಕೆ. ಮುಚ್ಚಿದ ಉಗ್ರಾಣದಲ್ಲಿಟ್ಟರೆ ತಾನು ತಣಿಸಿದ ಗಾಳಿಯನ್ನೇ ಮತ್ತೆ ಹೀರಿ ಸೊರಗುತ್ತದೆ. ಅದರ ಗುಂಯ್‌ಗುಡುವಿಕೆ ನೆರೆಯವರ ಮಲಗುವ ಕೋಣೆಗೆ ಕೇಳಿಸದಂತೆ ನೋಡಿಕೊಳ್ಳಬೇಕು. ತೊಟ್ಟಿಕ್ಕುವ ನೀರಿಗೆ ಕಿರುಗೊಳವೆ ಬೇಕು. ತಾರಸಿಯಿಂದ ಬಚ್ಚಲಿಗೆ 15 ಮೀಟರಿನ ಅರ್ಧ ಅಂಗುಲದ ಕೊಳವೆಯಿದ್ದರೆ, ಬಿಸಿನೀರು ಬರುವ ಮೊದಲು ಎರಡೂವರೆ ಲೀಟರು ತಣ್ಣೀರು ಹರಿದುಹೋಗುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ತೊಟ್ಟಿಯೊಳಗೆ ಸುಣ್ಣದ ಹೊರೆ ಕಟ್ಟುತ್ತದೆ. ಆಗಾಗ ಬಿಚ್ಚಿಸಿ ತೊಳೆಸಲೇಬೇಕು.

ಉಳಿದುದು ದೀಪಾವಳಿ. ನೀರು ತುಂಬುವ ಹಬ್ಬದ ಮರುಮುಂಜಾವು ನೆಂಟರಿಷ್ಟರು ಸೇರಿ ಹನ್ನೆರಡು ಮಂದಿಗೆ ಅಭ್ಯಂಜನ. ಎಣ್ಣೆ ಸೀಗೆಪುಡಿ ಹೋಗಲು ತಲೆಗೆ ನಾಲ್ಕು ಬಕೆಟು. ಬೇಕಾದ ಸುಡುನೀರು 432 ಲೀಟರು! 150ರ ತೊಟ್ಟಿ ಮೊದಲ ಮೂವರಿಗೆ ಸಾಕಾದೀತು. ಅಲ್ಲಿಂದ ಮುಂದೆ ಯಂತ್ರ ಕೊಡುವುದು ಗಂಟೆಗೆ 43 ಲೀಟರು, ಅಂದರೆ ಗಂಟೆಗೆ ಒಬ್ಬರ ಸ್ನಾನ ಮತ್ತು ಸ್ವಲ್ಪ. ಕೊನೆಯವರ ಸರದಿ ಬರುವಾಗ ಹಬ್ಬದ ಊಟಕ್ಕೆ ಎಲೆ ಹಾಕಿರುತ್ತಾರೆ. ಈ ಒಂದು ದಿನಕ್ಕಾಗಿ 500 ಲೀಟರಿನ ತೊಟ್ಟಿಯನ್ನು ಕೊಂಡವರು ವರ್ಷವಿಡೀ ಅದಕ್ಕೆ ದಂಡ ತೆರುತ್ತಾರೆ. ಹಿತ್ತಿಲಿರುವ ಮನೆಯವರಿಗೆ ಸುಲಭದ ದಾರಿ ಉಂಟು: ಹಜಾರದಲ್ಲಿ ಕ್ರೋಟನ್ ಗಿಡ ಹೊತ್ತು ನಿಂತಿರುವ ಹಂಡೆಯನ್ನು ಅಂದಿನ ಮಟ್ಟಿಗೆ ಇಳಿಸಿ, ಹುಣಿಸೆಹಣ್ಣಿನಿಂದ ಉಜ್ಜಿ, ಮೂರು ಕಲ್ಲಿನ ಒಲೆಯ ಮೇಲೇರಿಸಿ, ಹಿಂದಿನ ಸಂಜೆಯೇ ನೀರು ತುಂಬಿಡುವುದು. ಹಿತ್ತಿಲಿಲ್ಲದವರು ತಲೆಗೆ ಎರಡೇ ಬಕೆಟೆಂದು ಮೊದಲೇ ಸಾರಿ, ಮಕ್ಕಳನ್ನು ಮೊದಲು ಕಳುಹಿಸಬೇಕು.