2020ನೆಯ ಇಸವಿಯ ಲೋಕಕ್ರೀಡೆಗಳು

ವರ್ಷವು ಕಳೆದ ಮೇಲೆ ಆ ವರ್ಷದ ಆಟಗಳ ಲೆಕ್ಕವನ್ನೆಲ್ಲ ಒಂದೆಡೆ ಬರೆದಿಡುವುದು ವರ್ತಮಾನಪತ್ರಿಕೆಗಳ ಸಂಪ್ರದಾಯ. ಗೆದ್ದವರು ಯಾರು, ಸೋತವರು ಯಾರು, ಓಟಕ್ಕೆ ಹಿಡಿದ ಕಾಲವೆಷ್ಟು, ನೆಗೆದ ಎತ್ತರವೆಷ್ಟು ಎಂಬುದು ಅಂಕಿಗಳಲ್ಲಿ ಮುದ್ರಿತವಾಗುತ್ತದೆ. ಅಂಕಿ ಸುಳ್ಳಾಡದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಅಂಕಿಯು ತಾನಾಗಿ ಮಾತನಾಡುವುದೂ ಇಲ್ಲ. ಎಂತಹ ನೆಲದ ಮೇಲೆ, ಯಾವ ಕಟ್ಟಳೆಗೆ ಒಳಪಟ್ಟು, ಯಾರ ಸಮಕ್ಷಮದಲ್ಲಿ ಆ ಫಲವು ದೊರೆಯಿತು ಎಂಬುದನ್ನು ಕೂಡಿಸಿ ಓದಿದಾಗ ಮಾತ್ರ ಅದಕ್ಕೆ ಅರ್ಥವುಂಟಾಗುತ್ತದೆ. ಈ ಸಂಗತಿಯನ್ನು 2020ನೆಯ ಇಸವಿಯಷ್ಟು ಸ್ಪಷ್ಟವಾಗಿ ತಿಳಿಸಿಕೊಟ್ಟ ವರ್ಷ ಅಪರೂಪ. ಆದುದರಿಂದ ಆ ಒಂದು ವರ್ಷದ ಕ್ರೀಡಾವೃತ್ತಾಂತವನ್ನು ಇಲ್ಲಿ ವಿವರಿಸಲು ಹೊರಟಿದ್ದೇವೆ.

ಈ ವೃತ್ತಾಂತವನ್ನು ಲಂಡನ್ನಿನಿಂದಲೋ ಟೋಕಿಯೋವಿನಿಂದಲೋ ಪ್ರಾರಂಭಿಸಬೇಕಾದ ಅಗತ್ಯವಿಲ್ಲ, ಹಿರಿಯಡ್ಕದಿಂದಲೇ ಪ್ರಾರಂಭಿಸಬಹುದು. ಉಡುಪಿಯಿಂದ ಮಣಿಪಾಲ, ಪರ್ಕಳಗಳನ್ನು ದಾಟಿ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಈ ಊರಿದೆ. ಇದರ ಒಂದು ಕಡೆಗೆ ಕಾಪು ಸೀಮೆಯ ಕಟಪಾಡಿ, ಇನ್ನೊಂದು ಕಡೆಗೆ ಕಾರ್ಕಳದ ಮಿಯ್ಯಾರು. ಎರಡೂ ಜೋಡುಕರೆ ಕಂಬಳಕ್ಕೆ ಹೆಸರಾದ ಸ್ಥಳಗಳು. 2020ನೆಯ ಫೆಬ್ರವರಿ ತಿಂಗಳಿನಲ್ಲಿ ಲೋಕದ ಕ್ರೀಡಾಪ್ರಿಯರ ಕಣ್ಣು ಈ ಸೀಮೆಯ ಕೆಸರುಗದ್ದೆಗಳ ಮೇಲೆ ಬಿದ್ದಿತು.

ತುಳುನಾಡಿನವರಿಗೆ ಕಂಬಳದ ವಿವರಣೆ ಬೇಡ; ದೂರದವರಿಗಾಗಿ ಎರಡು ಮಾತು ಹೇಳುವೆವು. ನೀರು ಕೆಸರು ತುಂಬಿದ ಉದ್ದನೆಯ ಓಟದ ಗದ್ದೆಗೆ ಕರೆ ಎಂದು ಹೆಸರು. ಎರಡು ಕರೆಗಳು ಪಕ್ಕಪಕ್ಕದಲ್ಲಿದ್ದರೆ ಅದು ಜೋಡುಕರೆ. ನೊಗ ಹೊತ್ತ ಎರಡು ಕೋಣಗಳು ಒಂದು ತುದಿಯಿಂದ ಹೊರಟು ಮತ್ತೊಂದು ತುದಿಯ ಮಂಜೊಟ್ಟಿಯನ್ನು ಸೇರಬೇಕು. ಹಗ್ಗ ಮತ್ತು ನೇಗಿಲು ಎಂಬ ವಿಭಾಗಗಳಲ್ಲಿ ಓಡಿಸುವವನು ಕೋಣಗಳ ಬೆನ್ನಿಗೇ ಕೆಸರಿನಲ್ಲಿ ಓಡುತ್ತಾನೆ. ಅಡ್ಡಹಲಗೆಯಲ್ಲಿ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಕನೆಹಲಗೆಯೆಂಬ ವಿಭಾಗದಲ್ಲಿ ವೇಗದ ಪ್ರಶ್ನೆಯೇ ಇಲ್ಲ. ಹಲಗೆಯಿಂದ ಚಿಮ್ಮಿದ ನೀರು ಆರೂವರೆ ಕೋಲು ಅಥವಾ ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಇಲ್ಲವೇ ಎಂದು ನೋಡುತ್ತಾರೆ. ಒಂದೇ ಕೂಟದೊಳಗೆ ಗಡಿಯಾರದಿಂದ ಅಳೆಯುವ ಆಟವೂ ಉಂಟು, ಗಡಿಯಾರವೇ ಬೇಡವಾದ ಆಟವೂ ಉಂಟು. ಇದನ್ನು ನೆನಪಿನಲ್ಲಿಡತಕ್ಕದ್ದು.

ಫೆಬ್ರವರಿ 1ನೆಯ ತಾರೀಖು ಐಕಳದ ಕಾಂತಾಬಾರೆ-ಬೂದಾಬಾರೆ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಓಡಿಸಿದ ಕೋಣಗಳು 142.5 ಮೀಟರು ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ದಾಟಿದುವೆಂದು ಪತ್ರಿಕೆಗಳು ಪ್ರಕಟಿಸಿದುವು. ಯಾರೋ ತ್ರೈರಾಶಿ ಹಾಕಿ ನೋಡಿದರು. 100 ಮೀಟರಿಗೆ 9.55 ಸೆಕೆಂಡು ಬಂದಿತು. ಜಮೈಕದ ಉಸೇನ್ ಬೋಲ್ಟನು 2009ರ ಆಗಸ್ಟಿನಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ಲೋಕದಾಖಲೆ 9.58. ಅಷ್ಟೇ ಸಾಕಾಯಿತು, ಸುದ್ದಿಯು ದೇಶವಿದೇಶಗಳಿಗೆ ಹಬ್ಬಿತು. ಅದು ಆರುವ ಮೊದಲೇ ವೇಣೂರಿನ ಸೂರ್ಯ-ಚಂದ್ರ ಕಂಬಳದಲ್ಲಿ ಕಾರ್ಕಳ ತಾಲೂಕಿನ ಬಜಗೋಳಿಯ ನಿಶಾಂತ ಶೆಟ್ಟರು ಇನ್ನೂ ಬೇಗ ಓಡಿದರೆಂದೂ, ಅದೇ ಲೆಕ್ಕದಲ್ಲಿ 100 ಮೀಟರಿಗೆ 9.51 ಸೆಕೆಂಡು ಬೀಳುವುದೆಂದೂ ವರದಿಯಾಯಿತು. ಕೇಂದ್ರದ ಕ್ರೀಡಾಮಂತ್ರಿ ಕಿರಣ್ ರಿಜಿಜು ಅವರು ಗೌಡರನ್ನು ಪರೀಕ್ಷಾರ್ಥದ ಓಟಕ್ಕೆ ಕರೆಸುವುದಾಗಿ ಹೇಳಿದರು. ಮುಖ್ಯಮಂತ್ರಿ ಯಡಿಯೂರಪ್ಪನವರು ಬೆಂಗಳೂರಿಗೆ ಬರಮಾಡಿಕೊಂಡು 3 ಲಕ್ಷ ರೂಪಾಯಿ ನೀಡಿ ಸನ್ಮಾನಿಸಿದರು. ಪರೀಕ್ಷೆಯ ಓಟಕ್ಕೆ ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಬಲ, ಮೈದಾನದಲ್ಲಿ ಕಾಲ್ಬೆರಳ ಬಲ. ಎರಡೂ ಬೇರೆ ವಿದ್ಯೆ. ತನ್ನ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂಬುದು ಅವರ ಉತ್ತರದ ಸಾರ.

ಈ ಉತ್ತರದಲ್ಲಿ ಎಷ್ಟು ವಿವೇಕವಿದೆಯೆಂಬುದನ್ನು ಲೆಕ್ಕದಿಂದಲೇ ತೋರಿಸಬಹುದು. 142.5 ಮೀಟರನ್ನು 13.62 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 10.46 ಮೀಟರು ಬರುತ್ತದೆ. ಇದಕ್ಕೆ ಸರಿಜೋಡಿಯಾದ ಓಟ ಬರ್ಲಿನ್ನಿನದಲ್ಲ, ಅದೇ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಸಿದ ನೇರ ಹಾದಿಯಲ್ಲಿ ಬೋಲ್ಟನು ಓಡಿದ 150 ಮೀಟರಿನ ಓಟ. ಅದಕ್ಕೆ ಹಿಡಿದ ಕಾಲ 14.35 ಸೆಕೆಂಡು, ಎಂದರೆ ಸೆಕೆಂಡಿಗೆ 10.45 ಮೀಟರು. ಎರಡೂ ಹೆಚ್ಚುಕಡಿಮೆ ಒಂದೇ ವೇಗ. ಹಾಗಾದರೆ ಇಬ್ಬರೂ ಸಮಾನರೆನ್ನಬಹುದೇ? ಬೋಲ್ಟನು ಒಬ್ಬನೇ ಓಡಿದನು. ಕರೆಯಲ್ಲಿ ಓಡುವವನ ಕೈ ಕೋಣಗಳಿಗೆ ಬಿಗಿದ ಹಗ್ಗದ ಮೇಲೆಯೋ ನೇಗಿಲಿನ ಮೇಲೆಯೋ ಇರುತ್ತದೆ. ಕೆಸರು ಅವನನ್ನು ಹಿಂದಕ್ಕೆ ಹಿಡಿಯುತ್ತದೆ, ಕೋಣಗಳು ಮುಂದಕ್ಕೆ ಸೆಳೆಯುತ್ತವೆ. ಹಿಡಿದದ್ದೆಷ್ಟು, ಸೆಳೆದದ್ದೆಷ್ಟು ಎಂಬುದನ್ನು ಬೇರ್ಪಡಿಸುವ ತ್ರಾಸು ಇಲ್ಲ. ಮೈದಾನದ ಓಟದಲ್ಲಾದರೋ ಬೆನ್ನ ಹಿಂದಿನ ಗಾಳಿಯು ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚಾಗಿ ಬೀಸಿದರೂ ದಾಖಲೆಗೆ ಮಾನ್ಯತೆಯಿಲ್ಲ. ಗಾಳಿಯ ಸಹಾಯವನ್ನೇ ಒಪ್ಪದ ಕಟ್ಟಳೆಯು ಎರಡು ಕೋಣಗಳ ಸಹಾಯವನ್ನು ಒಪ್ಪೀತೇ?

ಅದಲ್ಲದೆ ಎಲ್ಲ ಊರುಗಳ ಕರೆಗಳೂ ಒಂದೇ ಉದ್ದವಿಲ್ಲ. ಕೆಸರಿನ ಆಳವೂ ಒಂದೇ ಸಮನಿಲ್ಲ. ಕಂಬಳದಲ್ಲಿ ಬಹುಮಾನವು ಮೊದಲು ಕೋಣಗಳದ್ದು, ಅವನ್ನು ಸಾಕಿದ ಮನೆತನದ್ದು. ಓಡಿಸಿದವನ ಹೆಸರು ಅದರ ಜೊತೆಗೆ ಬರುತ್ತದೆ. ಹೀಗೆ ಮೂವರ ಕೂಡುಗೆಲುವನ್ನು ಒಬ್ಬನ ಕಾಲಿಗೆ ಕಟ್ಟಿ ಬರ್ಲಿನ್ನಿನ ಗಡಿಯಾರದ ಮುಂದೆ ನಿಲ್ಲಿಸಿದರೆ ಗೌರವ ಹೆಚ್ಚುವುದಿಲ್ಲ. ಬೋಲ್ಟನನ್ನು ಮೀರಿದನೆಂದು ಹೊಗಳಿದವರೂ, ಮೀರಲಿಲ್ಲವೆಂದು ಹಳಿದವರೂ ಕಂಬಳವನ್ನು ಕಂಬಳದ ಅಳತೆಯಿಂದ ನೋಡಲಿಲ್ಲ. ಕೆಸರಿನಲ್ಲಿ ಜಾರದೆ, ಹಿಡಿತ ತಪ್ಪದೆ, ಎರಡು ಪ್ರಾಣಿಗಳ ಓಟಕ್ಕೆ ತನ್ನ ಹೆಜ್ಜೆಯನ್ನು ಕೂಡಿಸುವ ವಿದ್ಯೆಯು ತನ್ನಷ್ಟಕ್ಕೆ ದೊಡ್ಡದು.

ಇದರಲ್ಲಿ ಮೆಚ್ಚುಗೆಯ ಮಾತಿಗಿಂತ ಹೆಚ್ಚಿನ ಸಂಗತಿ ಅಡಗಿತ್ತು. 2014ರ ಮೇ ತಿಂಗಳಿನಲ್ಲಿ ಜಲ್ಲಿಕಟ್ಟಿನ ವಿಷಯವಾಗಿ ಸುಪ್ರೀಂ ಕೋರ್ಟು ನೀಡಿದ ತೀರ್ಪಿನ ತರುವಾಯ ಕಂಬಳಕ್ಕೂ ತಡೆಯುಂಟಾಗಿತ್ತು. 2017ರಲ್ಲಿ ಕರ್ನಾಟಕವು ಕಾಯಿದೆಯನ್ನು ತಿದ್ದಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತವು ದೊರೆಯಿತು. ಆ ತಿದ್ದುಪಡಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಎತ್ತಿಹಿಡಿದುದು 2023ರ ಮೇ 18ರಂದು. ಆದಕಾರಣ 2020ರಲ್ಲಿ ಕಂಬಳವು ನಡೆಯುತ್ತಿದ್ದರೂ ಅದರ ಭವಿಷ್ಯವು ನ್ಯಾಯಾಲಯದ ಮುಂದಿತ್ತು. ಅದನ್ನು ಉಳಿಸಬೇಕಾದುದು ಕೋಣಗಳ ಯೋಗಕ್ಷೇಮವೂ ಆಟದ ಶಿಸ್ತೂ ಹೊರತು ಬೋಲ್ಟನ ಹೆಸರಲ್ಲ.

ಇನ್ನು ಹೊರಲೋಕಕ್ಕೆ ಬರೋಣ. ಐಕಳದ ಓಟದ ಹಿಂದಿನ ದಿವಸ, ಎಂದರೆ ಜನವರಿ 31ರಂದು, ಲೋಕದ ಅತ್ಲೆಟಿಕ್ ಸಂಸ್ಥೆಯು ಪಾದರಕ್ಷೆಗಳ ವಿಚಾರವಾಗಿ ಕಟ್ಟಳೆಯನ್ನು ಪ್ರಕಟಿಸಿತ್ತು. ರಸ್ತೆಯ ಓಟದ ಬೂಟಿನ ಅಡಿಯು 40 ಮಿಲಿಮೀಟರಿಗಿಂತ ದಪ್ಪವಿರಕೂಡದೆಂದು ಅದು ವಿಧಿಸಿತು. ಹೊಸ ಬಗೆಯ ಬೂಟುಗಳು ಓಟಗಾರನಿಗೆ ಚಿಮ್ಮುಬಲವನ್ನು ಕೊಡುತ್ತವೆಂಬುದೇ ಇದರ ಕಾರಣ. ಅದೇ ವರ್ಷ ಉಗಾಂಡ ದೇಶದ ಜೋಶುವ ಚೆಪ್ತೆಗೈ ಆಗಸ್ಟ್ 14ರಂದು ಮೊನಾಕೊದಲ್ಲಿ 5,000 ಮೀಟರನ್ನು 12 ಮಿನಿಟು 35.36 ಸೆಕೆಂಡುಗಳಲ್ಲಿಯೂ, ಅಕ್ಟೋಬರ್ 7ರಂದು ವಲೆನ್ಸಿಯದಲ್ಲಿ 10,000 ಮೀಟರನ್ನು 26 ಮಿನಿಟು 11 ಸೆಕೆಂಡುಗಳಲ್ಲಿಯೂ ಓಡಿ ಇಥಿಯೋಪಿಯದ ಕೆನೆನಿಸ ಬೆಕೆಲೆಯ ಹಳೆಯ ದಾಖಲೆಗಳೆರಡನ್ನೂ ಮುರಿದನು. ಓಡುವ ಹಾದಿಯ ಅಂಚಿನಲ್ಲಿ ದೀಪಗಳ ಸಾಲು ಬೇಕಾದ ವೇಗಕ್ಕೆ ತಕ್ಕಂತೆ ಮುಂದೆ ಮುಂದೆ ಬೆಳಗುತ್ತಿತ್ತು. ಕಾಲಲ್ಲಿ ಹೊಸ ಬಗೆಯ ಬೂಟಿತ್ತು. ಬೆಕೆಲೆಗೆ ಇವೆರಡೂ ಇರಲಿಲ್ಲ. ದಾಖಲೆಯು ಕಟ್ಟಳೆಗೆ ಸಮ್ಮತವಾದುದೇ ಸರಿ. ಆದರೆ ಇಬ್ಬರನ್ನು ತೂಗುವವನು ಈ ವ್ಯತ್ಯಾಸವನ್ನು ಮರೆಯಬಾರದು.

ಉದ್ದಗೋಲಿನ ನೆಗೆತದಲ್ಲಿ ಸ್ವೀಡನ್ನಿನ ಅರ್ಮಂಡ್ ದುಪ್ಲಾಂತಿಸನು ಫೆಬ್ರವರಿ 8ರಂದು 6.17 ಮೀಟರು, ಒಂದು ವಾರದ ಮೇಲೆ 6.18 ಮೀಟರು ನೆಗೆದನು. ಎರಡೂ ಛಾವಣಿಯ ಕೆಳಗೆ ನಡೆದುವು. ಸೆಪ್ಟೆಂಬರಿನಲ್ಲಿ ರೋಮಿನ ಬಯಲಿನಲ್ಲಿ ಅವನು ನೆಗೆದುದು 6.15, ಬಯಲಿನಲ್ಲಿ ಸೆರ್ಗೈ ಬೂಬ್ಕನ 1994ರ 6.14ನ್ನು ಅದು ದಾಟಿತು. ಛಾವಣಿಯ ಕೆಳಗೆ ಗಾಳಿಯಿಲ್ಲ, ಬಯಲಿನಲ್ಲಿ ಉಂಟು. ಹೀಗಾಗಿ 6.18ಕ್ಕಿಂತ ಕಡಮೆಯಾದ 6.15ಕ್ಕೂ ತನ್ನದೇ ಆದ ಬೆಲೆಯಿದೆ.

ಮಾರ್ಚಿ ತಿಂಗಳಿನಲ್ಲಿ ಎಲ್ಲವೂ ತಲೆಕೆಳಗಾಯಿತು. 8ನೆಯ ತಾರೀಖು ಮೆಲ್ಬರ್ನಿನಲ್ಲಿ ಮಹಿಳೆಯರ ಇಪ್ಪತ್ತು ಓವರುಗಳ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು 86,174 ಮಂದಿ ನೋಡಿದರು. ಆಸ್ಟ್ರೇಲಿಯವು ಭಾರತವನ್ನು 85 ರನ್ನುಗಳಿಂದ ಸೋಲಿಸಿತು. ಭಾರತದ ತಂಡದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿಯೂ ವಿಜಯಪುರದ ರಾಜೇಶ್ವರಿ ಗಾಯಕ್ವಾಡರೂ ಇದ್ದರು. ಇದಾದ ಐದು ದಿವಸಕ್ಕೆ ರಾಜಕೋಟೆಯಲ್ಲಿ ರಣಜಿ ಟ್ರೋಫಿಯ ಅಂತಿಮ ಪಂದ್ಯದ ಕೊನೆಯ ದಿನದ ಆಟವು ಪ್ರೇಕ್ಷಕರಿಲ್ಲದ ಮೈದಾನದಲ್ಲಿ ನಡೆಯಿತು. ಉಪಾಂತ್ಯದಲ್ಲಿ ಕರ್ನಾಟಕವನ್ನು ಸೋಲಿಸಿ ಬಂದಿದ್ದ ಬಂಗಾಳದ ಎದುರಿಗೆ ಸೌರಾಷ್ಟ್ರವು ಮೊದಲ ಇನಿಂಗ್ಸಿನ ಮುನ್ನಡೆಯಿಂದ ಮೊದಲ ಬಾರಿ ಆ ಪ್ರಶಸ್ತಿಯನ್ನು ಪಡೆಯಿತು, ಚಪ್ಪಾಳೆಗೆ ಜನವಿರಲಿಲ್ಲ. ಕೊರೋನ ಸಾಂಕ್ರಾಮಿಕವು ಲೋಕವನ್ನು ಆವರಿಸಿತ್ತು. 24ನೆಯ ತಾರೀಖು ಟೋಕಿಯೋ ಒಲಿಂಪಿಕ್ ಕೂಟವನ್ನು ಮರುವರ್ಷಕ್ಕೆ ಮುಂದೂಡಿದರು. ಯುದ್ಧಗಳ ಕಾಲದಲ್ಲಿ ಒಲಿಂಪಿಕ್ ಕೂಟಗಳು ರದ್ದಾದುದುಂಟು. ಮುಂದಿನ ವರ್ಷಕ್ಕೆ ಹೋದುದು ಇದೇ ಮೊದಲು. ಎರಡನೆಯ ಮಹಾಯುದ್ಧದ ತರುವಾಯ ಎಂದೂ ತಪ್ಪದಿದ್ದ ವಿಂಬಲ್ಡನ್ ಟೆನಿಸ್ ಕೂಟವು ಆ ವರ್ಷ ನಡೆಯಲಿಲ್ಲ.

ನಿಂತ ಆಟಗಳು ಮತ್ತೆ ಹೊರಟಾಗ ರೂಪ ಬದಲಾಗಿತ್ತು. ಆಗಸ್ಟ್ 23ರಂದು ಲಿಸ್ಬನ್ನಿನ ಬರಿದಾದ ಕ್ರೀಡಾಂಗಣದಲ್ಲಿ ಬಯರ್ನ್ ಮ್ಯೂನಿಕ್ ತಂಡವು ಪ್ಯಾರಿಸ್ಸಿನ ತಂಡವನ್ನು 1-0ಯಿಂದ ಸೋಲಿಸಿ ಯೂರೋಪಿನ ಫುಟ್ಬಾಲ್ ಪ್ರಶಸ್ತಿಯನ್ನು ಗೆದ್ದಿತು. ಮೇ ತಿಂಗಳಿನಲ್ಲಿ ನಡೆಯಬೇಕಾಗಿದ್ದ ಫ್ರೆಂಚ್ ಟೆನಿಸ್ ಕೂಟವು ಶರತ್ಕಾಲಕ್ಕೆ ಹೋಯಿತು. ಚಳಿಗೆ ಚೆಂಡು ಭಾರವಾಗಿದ್ದರೂ ರಫಾಯೆಲ್ ನಡಾಲನು ಅಲ್ಲಿ 13ನೆಯ ಬಾರಿ ಗೆದ್ದನು. ಲೂಯಿಸ್ ಹ್ಯಾಮಿಲ್ಟನನು ಮೋಟಾರುಪಂದ್ಯದಲ್ಲಿ ಷುಮಾಕರನ 91 ಗೆಲುವುಗಳನ್ನು ದಾಟಿ, ಅವನ 7 ಪ್ರಶಸ್ತಿಗಳಿಗೆ ಸಮನಾದನು. ಭಾರತದ ಐ.ಪಿ.ಎಲ್. ಕ್ರಿಕೆಟ್ಟು ಅರಬ್ ಸಂಸ್ಥಾನಗಳಿಗೆ ವಲಸೆ ಹೋಯಿತು. ಮುಂಬಯಿ ತಂಡವು ಐದನೆಯ ಬಾರಿ ಗೆದ್ದಿತು. ಕರಾವಳಿಯಲ್ಲಿ ಬೆಳೆದ ಕೆ. ಎಲ್. ರಾಹುಲರು 670 ರನ್ನುಗಳೊಂದಿಗೆ ಎಲ್ಲರಿಗಿಂತ ಮುಂದಿದ್ದರು. ಬೆಂಗಳೂರಿನ ತಂಡದ ವಿರುದ್ಧವೇ ಔಟಾಗದೆ 132 ಹೊಡೆದರು.

ಎರಡು ಫಲಿತಾಂಶಗಳಲ್ಲಿ ವಿಶೇಷ ಸ್ವಾರಸ್ಯವಿದೆ. ಅಂತರ್ಜಾಲದ ಮೂಲಕ ನಡೆದ ಚದುರಂಗದ ಒಲಿಂಪಿಯಾಡಿನ ಅಂತಿಮ ಸುತ್ತಿನಲ್ಲಿ, ಆಗಸ್ಟ್ 30ರಂದು, ಭಾರತದ ಇಬ್ಬರು ಆಟಗಾರರ ಸಂಪರ್ಕವು ಆಟದ ನಡುವೆ ಕಡಿದುಹೋಗಿ ಅವರ ಕಾಲ ಮುಗಿಯಿತು. ಮೊದಲು ರಷ್ಯವೇ ಗೆದ್ದಂತಾಯಿತು. ಭಾರತವು ಮನವಿ ಸಲ್ಲಿಸಿದ ಮೇಲೆ ಎರಡು ದೇಶಗಳಿಗೂ ಚಿನ್ನವೆಂದು ತೀರ್ಮಾನವಾಯಿತು. ಇನ್ನೊಂದು, 2018ರ ಏಷ್ಯನ್ ಕೂಟದ ಮಿಶ್ರ ರಿಲೇ ಓಟದ್ದು. ಮಂಗಳೂರಿನ ಎಂ. ಆರ್. ಪೂವಮ್ಮ ಓಡಿದ್ದ ಆ ಭಾರತ ತಂಡಕ್ಕೆ ಅಂದು ಬೆಳ್ಳಿ ದೊರೆತಿತ್ತು. ಗೆದ್ದಿದ್ದ ಬಹರೈನಿನ ಓಟಗಾರ್ತಿಯೊಬ್ಬಳು ನಿಷಿದ್ಧ ಔಷಧಿಯ ಕಾರಣದಿಂದ ಅನರ್ಹಳಾದುದರಿಂದ 2020ರ ಜುಲೈಯಲ್ಲಿ ಆ ಬೆಳ್ಳಿಯು ಚಿನ್ನವಾಯಿತು. ಗೆರೆ ದಾಟಿದಾಗಲೇ ಓಟ ಮುಗಿಯಿತೆಂದು ತಿಳಿಯುವವರಿಗೆ ಇದು ಉತ್ತರ.

ವರ್ಷದ ಕೊನೆಗೆ ಡಿಸೆಂಬರ್ 19ರಂದು ಅಡಿಲೇಡಿನಲ್ಲಿ ಭಾರತದ ಕ್ರಿಕೆಟ್ ತಂಡವು ಕೇವಲ 36 ರನ್ನುಗಳಿಗೆ ಕುಸಿಯಿತು. ಟೆಸ್ಟ್ ಪಂದ್ಯಗಳಲ್ಲಿ ಅದರ ಅತಿ ಕಡಮೆಯ ಮೊತ್ತ. ಹತ್ತು ದಿವಸಗಳ ಮೇಲೆ ಅದೇ ದೇಶವು ಅಜಿಂಕ್ಯ ರಹಾನೆಯ ನಾಯಕತ್ವದಲ್ಲಿ ಮೆಲ್ಬರ್ನಿನಲ್ಲಿ 8 ವಿಕೆಟ್ಟುಗಳಿಂದ ಗೆದ್ದಿತು. 36 ಎಂಬ ಅಂಕಿಯೊಂದನ್ನೇ ಓದಿದವನಿಗೆ ಈ ತಂಡದ ನಿಜವಾದ ಸತ್ವವು ತಿಳಿಯುತ್ತಿರಲಿಲ್ಲ.

ಹೀಗೆ ಕೆಸರಿನ ಕರೆಯಿಂದ ಹಿಡಿದು ಮೆಲ್ಬರ್ನಿನ ಮೈದಾನದವರೆಗೆ ಒಂದೇ ತತ್ತ್ವವು ಕಾಣಿಸುತ್ತದೆ. ಫಲಿತಾಂಶವನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಅಳತೆಯ ಕಟ್ಟಳೆ ಯಾವುದು? ಆಡಿದವನಿಗೆ ದೊರೆತ ಸಹಾಯ ಮತ್ತು ಒದಗಿದ ಅಡ್ಡಿ ಏನು? ತೀರ್ಮಾನವು ಅಂತಿಮವೇ, ಮುಂದೆ ಬದಲಾಗಬಹುದೇ? ಹಿರಿಯಡ್ಕ, ಕಾರ್ಕಳ, ಕಾಪುಗಳ ತರುಣರು ಈ ಪ್ರಶ್ನೆಗಳನ್ನು ಕೇಳಲು ಕಲಿತರೆ ತಮ್ಮ ಆಟದ ವಿಷಯವಾಗಿ ಸಲ್ಲದ ಗರ್ವಕ್ಕೂ ಸಲ್ಲದ ಕೀಳರಿಮೆಗೂ ಎಡೆಗೊಡಲಾರರು. ಓಟದ ಹಾದಿಯನ್ನು ಆರಿಸಿಕೊಂಡವನು ಅಲ್ಲಿಯ ಗಡಿಯಾರಕ್ಕೆ ತಲೆಬಾಗಲಿ. ಕರೆಗೆ ಇಳಿದವನಿಗೆ ಮಂಜೊಟ್ಟಿಯೇ ಪ್ರಮಾಣ. ಎರಡು ಕಡೆಯಲ್ಲಿಯೂ ದುಡಿಮೆ ಒಂದೇ.